ಪಾರ್ಕಿನ್ಸನ್ಸ್ ಇರುವವರು ಮನೆಯಲ್ಲಿದ್ದರೆ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂರಾಲಜಿಸ್ಟ್ ಮುಂದೆ ಕೂತಾಗ ಒಂದು ಪ್ರಶ್ನೆಯೂ ನೆನಪಾಗುವುದಿಲ್ಲ, ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಇಪ್ಪತ್ತು ನೆನಪಾಗುತ್ತವೆ. ನಾನು ಡಾಕ್ಟರ್ ಅಲ್ಲ, ಪಾರ್ಕಿನ್ಸನ್ಸ್ ಇರುವ ಮಾವನವರನ್ನು ನೋಡಿಕೊಳ್ಳುವ ಸೊಸೆ. ನೆಂಟರು, ಸ್ನೇಹಿತರು, ಆಸ್ಪತ್ರೆ ಬೆಂಚಿನಲ್ಲಿ ಪಕ್ಕ ಕೂತವರು ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಆಗಿರುತ್ತವೆ, ಅದಕ್ಕೆ ಒಂದು ಕಡೆ ಬರೆದಿಟ್ಟಿದ್ದೇನೆ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು, ಡೋಸ್ ಬದಲಾಯಿಸುವುದು ಮಾತ್ರ ನಿಮ್ಮ ಡಾಕ್ಟರ್ ಹತ್ತಿರವೇ ಆಗಬೇಕು.

ಅಪ್ಪನಿಗೆ ಕೈ ನಡುಗುತ್ತೆ. ಪಾರ್ಕಿನ್ಸನ್ಸ್ ಅಂತಾನೇ ಅರ್ಥನಾ?

ಇಲ್ಲ. ಲೋಟ ಎತ್ತುವಾಗ, ಸಹಿ ಹಾಕುವಾಗ ಎರಡೂ ಕೈ ನಡುಗಿದರೆ ಅದು ಎಸೆನ್ಷಿಯಲ್ ಟ್ರೆಮರ್ ಅನ್ನುವ ಬೇರೆಯೇ ತೊಂದರೆ ಇರಬಹುದು. ಥೈರಾಯ್ಡ್ ಇರಬಹುದು, ಯಾವುದೋ ಮಾತ್ರೆಯ ಅಡ್ಡ ಪರಿಣಾಮವೂ ಇರಬಹುದು. ಪಾರ್ಕಿನ್ಸನ್ಸ್ ನಡುಕ ಸಾಮಾನ್ಯವಾಗಿ ಕೈ ಸುಮ್ನೆ ತೊಡೆಯ ಮೇಲೆ ಇದ್ದಾಗ ಬರುತ್ತದೆ, ಬೆರಳುಗಳು ಜಪಮಣಿ ಎಣಿಸಿದ ಹಾಗೆ ಆಡುತ್ತವೆ, ಮತ್ತು ಮೊದಲು ಒಂದೇ ಕಡೆ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಮಾತು, ನಡುಕವೇ ಇಲ್ಲದ ಪಾರ್ಕಿನ್ಸನ್ಸ್ ಕೂಡ ಇದೆ. ನಿಧಾನ ಆಗುವುದು ಮತ್ತು ಕೈಕಾಲು ಬಿಗಿಯುವುದೇ ಮುಖ್ಯ ಲಕ್ಷಣ. ಅಕ್ಷರ ಸಣ್ಣದಾಗುತ್ತಾ ಹೋಗುತ್ತದೆ, ನಡೆಯುವಾಗ ಒಂದು ಕೈ ಬೀಸುವುದೇ ಇಲ್ಲ, ಅಂಗಿ ಗುಂಡಿ ಹಾಕುವುದಕ್ಕೆ ಹತ್ತು ನಿಮಿಷ ಬೇಕಾಗುತ್ತದೆ. ಎಷ್ಟೋ ಜನರಿಗೆ ಇದಕ್ಕೂ ಎಷ್ಟೋ ವರ್ಷ ಮೊದಲೇ ವಾಸನೆ ತಿಳಿಯದೆ ಹೋಗಿರುತ್ತದೆ, ಮಲಬದ್ಧತೆ ಶುರುವಾಗಿರುತ್ತದೆ. ವಯಸ್ಸಾಯ್ತು ಅಂತ ಬಿಟ್ಟಿರುತ್ತೇವೆ.

"ಎಂ.ಆರ್.ಐ ನಾರ್ಮಲ್ ಬಂತು, ಹಾಗಾದರೆ ಏನೂ ಇಲ್ಲ ಅಲ್ವಾ" ಅಂತ ಸಮಾಧಾನ ಪಡಬೇಡಿ. ಪಾರ್ಕಿನ್ಸನ್ಸ್‌ನಲ್ಲಿ ಮಾಮೂಲಿ ಎಂ.ಆರ್.ಐ ಸಾಧಾರಣವಾಗಿ ನಾರ್ಮಲ್ಲೇ ಇರುತ್ತದೆ. ಅದನ್ನು ಮಾಡಿಸುವುದು ಬೇರೆ ಕಾಯಿಲೆ ಅಲ್ಲ ಅಂತ ನೋಡುವುದಕ್ಕೆ. ಕಾಯಿಲೆ ಗೊತ್ತಾಗುವುದು ನುರಿತ ಡಾಕ್ಟರ್ ಕೈಕಾಲು ಆಡಿಸಿ, ನಡೆಸಿ ನೋಡಿದಾಗ.

ಯಾಕೆ ಬರುತ್ತೆ? ಅಂಟುತ್ತಾ? ಮಕ್ಕಳಿಗೂ ಬರುತ್ತಾ?

ಮೆದುಳಿನ ಒಳಗೆ ಡೋಪಮೈನ್ (ಕೈಕಾಲಿನ ಚಲನೆ ಸಲೀಸಾಗಿ ಆಗುವುದಕ್ಕೆ ಬೇಕಾದ ರಾಸಾಯನಿಕ) ತಯಾರಿಸುವ ಜೀವಕೋಶಗಳು ಒಂದೊಂದಾಗಿ ಸಾಯುತ್ತವೆ. ಯಾಕೆ ಅಂತ ಹೆಚ್ಚಿನವರಲ್ಲಿ ಇನ್ನೂ ಪೂರ್ತಿ ಗೊತ್ತಾಗಿಲ್ಲ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಅನ್ನುವ ವೈದ್ಯರು ಇದನ್ನು ವಿವರವಾಗಿ ಬರೆದರು, ಅದಕ್ಕೇ ಈ ಹೆಸರು. ಅಂಟುರೋಗ ಅಲ್ಲ. ವಂಶದಲ್ಲಿ ಬರುವುದು ಸ್ವಲ್ಪ ಜನರಲ್ಲಿ ಮಾತ್ರ, ಅದರಲ್ಲೂ ಚಿಕ್ಕ ವಯಸ್ಸಿಗೇ ಶುರುವಾದವರಲ್ಲಿ ಜಾಸ್ತಿ. ಹೋದ ಜನ್ಮದ ಪಾಪ, ಸಿಟ್ಟು ನುಂಗಿಕೊಂಡಿದ್ದು, ನಾಗದೋಷ, ಇದ್ಯಾವುದೂ ಕಾರಣ ಅಲ್ಲ. ಪೂಜೆ ಮಾಡಿಸುವವರು ಮಾಡಿಸಿಕೊಳ್ಳಲಿ, ಆದರೆ ಉಪವಾಸದ ನೆಪದಲ್ಲಿ ಮಾತ್ರೆ ತಪ್ಪಿಸಬಾರದು.

ಬೆಳಿಗ್ಗೆ ಒಬ್ಬರೇ ಸ್ನಾನ ಮಾಡಿ ಬಂದವರು ಹನ್ನೊಂದು ಗಂಟೆಗೆ ಕುರ್ಚಿಯಿಂದ ಏಳೋಕೇ ಆಗಲ್ಲ ಅಂತಾರೆ. ನಾಟಕ ಅನ್ನಿಸುತ್ತೆ. ಏನಿದು?

ಮನೆಗಳಲ್ಲಿ ಜಗಳ ಶುರುವಾಗುವುದೇ ಇಲ್ಲಿಂದ. "ಬೆಳಿಗ್ಗೆ ಆಗಿದ್ದು ಈಗ ಯಾಕಾಗಲ್ಲ?", "ಡಾಕ್ಟರ್ ಮುಂದೆ ಚೆನ್ನಾಗೇ ನಡೆದ್ರಲ್ಲ?", "ನಾವು ನೋಡ್ತಾ ಇದ್ದರೆ ಮಾತ್ರ ಹೀಗೆ ಮಾಡ್ತಾರೆ." ನೆಂಟರು ಬಂದಾಗ ಈ ಮಾತು ಇನ್ನೂ ಜಾಸ್ತಿ.

ನಾಟಕ ಅಲ್ಲ. ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೋಡೋಪಾ ಮಾತ್ರೆ (ನಮ್ಮ ಕಡೆ ಎಲ್ಲರೂ ಸಿಂಡೋಪಾ ಅಂತಲೇ ಅನ್ನುವುದು, ಅದು ಒಂದು ಬ್ರ್ಯಾಂಡಿನ ಹೆಸರು) ಹೊಟ್ಟೆಗೆ ಹೋಗಿ ಅರ್ಧದಿಂದ ಒಂದು ಗಂಟೆಯಲ್ಲಿ ಕೆಲಸ ಶುರು ಮಾಡುತ್ತದೆ. ಕಾಯಿಲೆಯ ಮೊದಲ ವರ್ಷಗಳಲ್ಲಿ ಒಂದು ಡೋಸಿನ ಪ್ರಭಾವ ಇಳಿದದ್ದೇ ಗೊತ್ತಾಗುವುದಿಲ್ಲ. ವರ್ಷ ಕಳೆದ ಹಾಗೆ ಅದು ಮೂರು ನಾಲ್ಕು ಗಂಟೆಗೆ ಬರುತ್ತದೆ, ಕೆಲವರಿಗೆ ಇನ್ನೂ ಕಡಿಮೆ. ಔಷಧಿ ಕೆಲಸ ಮಾಡುವ ಹೊತ್ತಿಗೆ 'ಆನ್' ಅಂತಲೂ, ಇಳಿದ ಹೊತ್ತಿಗೆ 'ಆಫ್' ಅಂತಲೂ ಡಾಕ್ಟರುಗಳು ಹೇಳುತ್ತಾರೆ. ಆನ್ ಇದ್ದಾಗ ಮಾವ ತಾವೇ ಪಂಚೆ ಉಟ್ಟುಕೊಂಡು ಗೇಟಿನ ತನಕ ಹೋಗಿ ಪೇಪರ್ ತರುತ್ತಾರೆ. ಆಫ್ ಆದಾಗ ಅದೇ ಮನುಷ್ಯನಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದಕ್ಕೂ ಆಗುವುದಿಲ್ಲ. ಆಫ್ ಅಂದರೆ ಬರೀ ನಡೆಯೋಕೆ ಆಗದಿರುವುದಲ್ಲ. ಕೆಲವರಿಗೆ ಆಗ ಗಾಬರಿ, ಬೆವರು, ಮೈನೋವು, ಏನೂ ಬೇಡ ಅನ್ನಿಸುವುದು ಎಲ್ಲ ಬರುತ್ತದೆ, ಮಾತ್ರೆ ಹತ್ತಿದ ಮೇಲೆ ಹೋಗುತ್ತದೆ.

ಹಾಗಾಗಿ ನೀವು ಮಾಡಬೇಕಾದ ಮೊದಲ ಕೆಲಸ, ಒಂದು ನೋಟ್‌ಬುಕ್ ಇಡುವುದು. ಮಾತ್ರೆ ನುಂಗಿದ ಸಮಯ, ಹತ್ತಿದ ಸಮಯ, ಇಳಿದ ಸಮಯ, ಊಟದ ಸಮಯ. ಒಂದು ವಾರ ಬರೆದರೆ ಸಾಕು, ಅವರ ದಿನ ಹೇಗೆ ಹೋಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಡಾಕ್ಟರಿಗೆ "ಪರವಾಗಿಲ್ಲ ಸರ್, ಒಂದೊಂದು ಸಲ ಆಗಲ್ಲ" ಅನ್ನುವುದಕ್ಕಿಂತ ಈ ನೋಟ್‌ಬುಕ್ ತೋರಿಸಿದರೆ ಡೋಸ್ ಸರಿಪಡಿಸುವುದು ಸುಲಭ. ಆಮೇಲೆ ಸ್ನಾನ, ವಾಕಿಂಗ್, ಬ್ಯಾಂಕಿನ ಕೆಲಸ, ನೆಂಟರ ಭೇಟಿ ಎಲ್ಲವನ್ನೂ ಆನ್ ಹೊತ್ತಿಗೆ ಹೊಂದಿಸಿ. ನಮ್ಮ ಅನುಕೂಲದ ಟೈಮಿಗೆ ಅವರನ್ನು ಎಳೆಯುವುದಕ್ಕಿಂತ ಇದರಲ್ಲಿ ಎಲ್ಲರಿಗೂ ಕಷ್ಟ ಕಡಿಮೆ.

ಮಾತ್ರೆ ಹತ್ತಿದಾಗ ಮೈಕೈ ತಾನಾಗೇ ತೂಗಾಡುತ್ತೆ. ಕಾಯಿಲೆ ಜಾಸ್ತಿ ಆಯ್ತಾ?

ಅದು ಡಿಸ್ಕೈನೀಸಿಯಾ. ಔಷಧಿಯ ಪ್ರಭಾವ ಮೇಲಿರುವಾಗ ಬರುವ ಚಲನೆ, ನಡುಕ ಅಲ್ಲ. ನೋಡುವವರಿಗೆ ಭಯ ಆಗುತ್ತದೆ, ಆದರೆ ಎಷ್ಟೋ ಜನ ರೋಗಿಗಳು "ಕಲ್ಲಾಗಿ ಕೂರುವುದಕ್ಕಿಂತ ಇದೇ ವಾಸಿ" ಅನ್ನುತ್ತಾರೆ. ಜಾಸ್ತಿ ಆಗಿ ಬೀಳುವ ಹಾಗಾದರೆ ಡಾಕ್ಟರಿಗೆ ಹೇಳಿ. ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೋ ಮಾಡಿ ತೋರಿಸಿ, ಬಾಯಲ್ಲಿ ವರ್ಣಿಸುವುದು ಕಷ್ಟ.

ಮಾತ್ರೆ ಊಟಕ್ಕೆ ಮೊದಲೋ, ಆಮೇಲೋ?

ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲದಿದ್ದರೆ ಊಟ ಆಗಿ ಒಂದು ಗಂಟೆಯಾದರೂ ಆದ ಮೇಲೆ, ನೀರಿನ ಜೊತೆ. ಯಾಕೆಂದರೆ ಲೆವೋಡೋಪಾ ಮತ್ತು ಪ್ರೋಟೀನ್ ಎರಡೂ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗುವ ದಾರಿ ಒಂದೇ. ಬೇಳೆ, ಕಾಳು, ಮೊಟ್ಟೆ, ಮಾಂಸ, ಪನೀರ್, ದೊಡ್ಡ ಲೋಟದ ತುಂಬ ಹಾಲು, ಇವುಗಳ ಜೊತೆ ನುಂಗಿದರೆ ಮಾತ್ರೆ ತಡವಾಗಿ ಹತ್ತುತ್ತದೆ, ಕೆಲವು ಸಲ ಹತ್ತುವುದೇ ಇಲ್ಲ. ಭಾನುವಾರ ಮಧ್ಯಾಹ್ನ ಬಾಡೂಟ ಆದ ಮೇಲೆ ಸಂಜೆ ತನಕ ಯಾಕೆ ಏಳಲೇ ಇಲ್ಲ ಅನ್ನುವುದಕ್ಕೆ ಉತ್ತರ ಅಲ್ಲೇ ಇರಬಹುದು.

ಹಾಗಂತ ಪ್ರೋಟೀನ್ ನಿಲ್ಲಿಸಬೇಡಿ. ಈ ಕಾಯಿಲೆಯಲ್ಲಿ ತೂಕ ಇಳಿಯುವುದು ಮಾಮೂಲು, ಮೈಯಲ್ಲಿ ಕಸುವು ಬೇಕು. ಸಮಯ ಬೇರೆ ಮಾಡಿ, ಅಷ್ಟೇ. ಶುರುವಿನಲ್ಲಿ ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಎರಡು ಬಿಸ್ಕತ್ತೋ ಒಂದು ತುಂಡು ಬಾಳೆಹಣ್ಣೋ ಕೊಡಬಹುದು. ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಅದಕ್ಕೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ನಿಧಾನವಾಗಿ ಕರಗುವ ಸಿ.ಆರ್ ಮಾತ್ರೆಯನ್ನು ಕುಟ್ಟಿ ಪುಡಿ ಮಾಡಿ ಕೊಡಬಾರದು. ಮೂತ್ರ, ಬೆವರು ಸ್ವಲ್ಪ ಕಡು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಎಂಟಾಕಾಪೋನ್ (ಲೆವೋಡೋಪಾ ಪ್ರಭಾವ ಹೆಚ್ಚು ಹೊತ್ತು ಇರಲಿ ಅಂತ ಕೊಡುವ ಔಷಧಿ) ಸೇರಿದ ಮಾತ್ರೆಯಲ್ಲಂತೂ ಕಿತ್ತಳೆ ಬಣ್ಣವೇ ಬರಬಹುದು.

ಮೊಬೈಲಿನಲ್ಲಿ ಅಲಾರಂ ಇಡಿ. ಬಾಯಿ ಲೆಕ್ಕ ನಂಬಬೇಡಿ.

ಸಿಂಡೋಪಾ ಈಗಲೇ ಶುರು ಮಾಡಿದರೆ ಮುಂದೆ ಕೆಲಸ ಮಾಡಲ್ಲ ಅಂತಾರೆ. ಮುಂದಕ್ಕೆ ಹಾಕೋದು ಒಳ್ಳೇದಾ?

ಹಳೆಯ ನಂಬಿಕೆ, ಇನ್ನೂ ಹೋಗಿಲ್ಲ. ನೆದರ್ಲೆಂಡ್ಸ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಒಂದು ಗುಂಪಿಗೆ ಲೆವೋಡೋಪಾ ತಕ್ಷಣ, ಇನ್ನೊಂದು ಗುಂಪಿಗೆ 40 ವಾರ ತಡವಾಗಿ. 80 ವಾರ ಆದಾಗ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. 2019ರಲ್ಲಿ ಇದು ಪ್ರಕಟವಾಯಿತು. ಅಂದರೆ ಬೇಗ ಶುರು ಮಾಡಿದರೆ ಕಾಯಿಲೆ ನಿಲ್ಲುವುದೂ ಇಲ್ಲ, ಔಷಧಿ ತೀರಿಹೋಗುವುದೂ ಇಲ್ಲ. ಮುಂದೆ ಡೋಸ್ ಜಾಸ್ತಿ ಬೇಕಾಗುವುದು ಕಾಯಿಲೆ ಮುಂದುವರಿಯುವುದರಿಂದ. ಕೆಲಸಕ್ಕೆ, ಓಡಾಟಕ್ಕೆ ತೊಂದರೆ ಆಗುತ್ತಿದ್ದರೆ ಸುಮ್ನೆ ಕಷ್ಟಪಡುವುದು ಯಾಕೆ?

ಇದಕ್ಕಿಂತ ದೊಡ್ಡ ಅಪಾಯ, "ಈಗ ವಾಸಿ ಆಗಿದೆ" ಅಂತಲೋ ಊರಿಗೆ ಹೋದಾಗ ಮರೆತೋ ಮಾತ್ರೆಯನ್ನು ದಿಢೀರನೆ ನಿಲ್ಲಿಸುವುದು. ಮೈ ಕಟ್ಟಿಗೆಯ ಹಾಗೆ ಬಿಗಿದು, ಜ್ವರ ಏರಿ, ಪ್ರಜ್ಞೆ ತಪ್ಪುವ ಮಟ್ಟಕ್ಕೆ ಹೋಗಬಹುದು. ಮನೆಯಲ್ಲಿ ಯಾವಾಗಲೂ ಹತ್ತು ಹದಿನೈದು ದಿನದ ಸ್ಟಾಕ್ ಇರಲಿ.

ನಡೀತಾ ನಡೀತಾ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡ್ತಾರೆ. ಎಳೆದರೆ ಬೀಳ್ತಾರೆ.

ಎಳೆಯಬೇಡಿ. ಹಿಂದಿನಿಂದ ತಳ್ಳಲೂಬೇಡಿ. ಇದಕ್ಕೆ ಫ್ರೀಜಿಂಗ್ ಅನ್ನುತ್ತಾರೆ. ಪಾದ ನಿಂತಿರುತ್ತದೆ, ಮೈ ಮುಂದಕ್ಕೆ ಹೋಗುತ್ತಿರುತ್ತದೆ, ಅದಕ್ಕೇ ಬೀಳುವುದು. ಬಾಗಿಲು, ಇಕ್ಕಟ್ಟಾದ ಜಾಗ, ತಿರುಗುವ ಹೊತ್ತು, ಅವಸರ, ಇವೇ ಮುಖ್ಯ ಕಾರಣಗಳು. ಕಾಲಿಂಗ್ ಬೆಲ್ ಆದಾಗ, ಫೋನ್ ರಿಂಗಾದಾಗ ಎಷ್ಟು ಜನ ಬಿದ್ದಿದ್ದಾರೋ!

ವಿಚಿತ್ರ ಏನೆಂದರೆ ಸಮತಟ್ಟಾದ ನೆಲದಲ್ಲಿ ಹೆಜ್ಜೆ ಎತ್ತಲಾರದವರು ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತಾರೆ. ಕಣ್ಣಿಗೆ ಒಂದು ಗುರುತು ಸಿಕ್ಕರೆ ಮೆದುಳು ಬೇರೆ ದಾರಿಯಲ್ಲಿ ಕೆಲಸ ಮಾಡಿಸುತ್ತದೆ. ನಮ್ಮ ಮನೆಯಲ್ಲಿ ಹಾಲಿನಿಂದ ಅಡುಗೆಮನೆಗೆ ಹೋಗುವ ಬಾಗಿಲ ಹತ್ತಿರ ಮಾವ ಪ್ರತಿ ಸಲ ನಿಲ್ಲುತ್ತಿದ್ದರು, ಚೌಕಟ್ಟು ಹಿಡಿದುಕೊಂಡು, ಪಾದ ಮಾತ್ರ ಟಕಟಕ ಅಂತ ಅಲ್ಲೇ ಆಡುತ್ತಿತ್ತು. ಹೊಸ್ತಿಲ ಈಚೆಗೆ ಮತ್ತು ಆಚೆಗೆ ಒಂದೊಂದು ಹೆಜ್ಜೆ ಅಂತರದಲ್ಲಿ ಹಳದಿ ಟೇಪು ಅಡ್ಡಲಾಗಿ ಅಂಟಿಸಿದೆವು. ಈಗ ಗೆರೆ ದಾಟಿ ದಾಟಿ ಬರುತ್ತಾರೆ. ಟೇಪು ಸವೆದಾಗ ಬದಲಾಯಿಸಬೇಕು, ಅಷ್ಟೇ ಖರ್ಚು.

ಟೇಪು ಇಲ್ಲದ ಕಡೆ ಹೀಗೆ ಹೇಳಿಕೊಡಿ: ಮೊದಲು ಪೂರ್ತಿ ನಿಲ್ಲಿ, ಬೆನ್ನು ನೆಟ್ಟಗೆ ಮಾಡಿ, ಭಾರ ಒಂದು ಕಾಲಿಗೆ ಹಾಕಿ, ಇನ್ನೊಂದು ಕಾಲು ಎತ್ತಿ ದೊಡ್ಡ ಹೆಜ್ಜೆ ಇಡಿ. ಇಲ್ಲವೇ ನಿಮ್ಮ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟು "ಇದನ್ನ ದಾಟಿ" ಅನ್ನಿ. ಒಂದು ಎರಡು, ಒಂದು ಎರಡು ಅಂತ ತಾಳ ಹಾಕಿದರೂ ಆಗುತ್ತದೆ. ತಿರುಗುವಾಗ ನಿಂತಲ್ಲೇ ಗಿರಕಿ ಹೊಡೆಯಬಾರದು, ದೊಡ್ಡದಾಗಿ ಸುತ್ತು ಹಾಕಿ ಬರಬೇಕು. ನಡೆಯುವಾಗ ಮಾತಾಡಿಸಬೇಡಿ, ಕೈಗೆ ಕಾಫಿ ಲೋಟ ಕೊಡಬೇಡಿ.

ಮನೆಯಲ್ಲಿ ಕಾಲೊರಸು, ಅಲ್ಲಲ್ಲಿ ಹಾಸಿದ ಚಾಪೆ ತೆಗೆದುಬಿಡಿ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿ ಇರುವುದು ಇರಲಿ. ಬಚ್ಚಲಲ್ಲಿ ಹಿಡಿದುಕೊಳ್ಳೋಕೆ ಗೋಡೆಗೆ ಸ್ಟೀಲ್ ರಾಡು, ಕಮೋಡ್ ಎತ್ತರ ಇರಬೇಕು. ಕೂತು ಏಳುವಾಗ ಬಿ.ಪಿ ಇಳಿದು ತಲೆ ಸುತ್ತುವುದೂ ಇದೆ, ಅದಕ್ಕೆ ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಆಮೇಲೆ ಏಳಲಿ. ಮೊದಲಿಂದ ತೆಗೆದುಕೊಳ್ಳುತ್ತಿರುವ ಬಿ.ಪಿ ಮಾತ್ರೆ ಈಗಲೂ ಅಷ್ಟೇ ಬೇಕಾ ಅಂತ ಡಾಕ್ಟರನ್ನು ಕೇಳಿ.

ಎಷ್ಟು ಸಹಾಯ ಮಾಡಬೇಕು? ಎಲ್ಲಾ ನಾವೇ ಮಾಡಿಬಿಟ್ಟರೆ ಬೇಗ ಮುಗಿಯುತ್ತೆ.

ಬೇಗ ಮುಗಿಯುತ್ತದೆ, ನಿಜ. ಆದರೆ ಗುಂಡಿ ಹಾಕುವುದನ್ನು ನೀವು ಶುರು ಮಾಡಿದ ದಿನದಿಂದ ಅವರ ಬೆರಳು ಆ ಕೆಲಸ ಬಿಡುತ್ತದೆ. ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಪ್ರೀತಿ ಜಾಸ್ತಿಯಾಗಿಯೇ ರೋಗಿ ಕುರ್ಚಿ ಹಿಡಿದಿದ್ದಾರೆ. ನನ್ನ ಲೆಕ್ಕ ಇಷ್ಟು: ಆನ್ ಇರುವಾಗ ಸುಮ್ನೆ ಪಕ್ಕದಲ್ಲಿರಿ, ಕೈ ಹಾಕಬೇಡಿ, ಗಡಿಯಾರ ನೋಡಬೇಡಿ. ಆಫ್ ಇರುವಾಗ ಕೇಳಿ ಸಹಾಯ ಮಾಡಿ. "ಹಿಡ್ಕೊಳ್ಳಲಾ?" ಅಂತ ಒಂದು ಮಾತು ಕೇಳುವುದಕ್ಕೆ ಖರ್ಚೇನಿಲ್ಲ.

ಕೆಲಸ ಕಿತ್ತುಕೊಳ್ಳುವುದರ ಬದಲು ಕೆಲಸವನ್ನು ಸುಲಭ ಮಾಡಿ. ಗುಂಡಿಯ ಬದಲು ವೆಲ್ಕ್ರೋ. ಲೋಟಕ್ಕೆ ಅರ್ಧ ಮಾತ್ರ ಕಾಫಿ, ಬೇಕಿದ್ದರೆ ಹಿಡಿ ಇರುವ ದಪ್ಪ ಮಗ್. ಅಂಚು ಎತ್ತರ ಇರುವ ತಟ್ಟೆ. ಹಾಸಿಗೆಯ ಮಧ್ಯಭಾಗದಲ್ಲಿ, ಸೊಂಟ ಬರುವ ಕಡೆ ಮಾತ್ರ, ಒಂದು ಹಳೆಯ ರೇಷ್ಮೆ ಸೀರೆ ಮಡಿಸಿ ಹಾಸಿ ಎರಡು ಕಡೆ ಗಟ್ಟಿಯಾಗಿ ಸಿಕ್ಕಿಸಿ. ಮೈ ಜಾರುವುದರಿಂದ ಮಗ್ಗುಲಾಗುವುದು ಸುಲಭ. ಕಾಲು ಬರುವ ಕಡೆ ಹತ್ತಿ ಬಟ್ಟೆಯೇ ಇರಲಿ, ಇಲ್ಲದಿದ್ದರೆ ಒದ್ದು ಏಳೋಕೆ ಹಿಡಿತ ಸಿಗುವುದಿಲ್ಲ.

ಮನೆಯ ವಿಷಯಗಳಿಂದ ಅವರನ್ನು ಹೊರಗಿಡಬೇಡಿ. ನಿಧಾನವಾಗಿರುವುದು ಕೈಕಾಲು. ಸೈಟ್ ಮಾರುವುದು, ಮೊಮ್ಮಗಳ ಕಾಲೇಜು, ಎಲ್ಲದಕ್ಕೂ ಕೇಳಿ. ಉತ್ತರ ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಬಹುದು, ಮಧ್ಯದಲ್ಲಿ ಬಾಯಿ ಹಾಕಿ ವಾಕ್ಯ ಮುಗಿಸಬೇಡಿ.

ಮಾತು ಕೇಳಿಸೋದೇ ಇಲ್ಲ, ಮುಖದಲ್ಲಿ ನಗುವೂ ಇಲ್ಲ. ನಮ್ಮ ಮೇಲೆ ಕೋಪನಾ?

ಮುಖದ ಸ್ನಾಯು ಬಿಗಿದಿರುತ್ತದೆ, ಅಷ್ಟೇ. ಒಳಗೆ ನಗುತ್ತಿದ್ದರೂ ಹೊರಗೆ ಕಾಣುವುದಿಲ್ಲ. ದನಿಯ ಕಥೆ ಬೇರೆ ಥರ: ಅವರ ಕಿವಿಗೆ ತಮ್ಮ ದನಿ ಸರಿಯಾಗಿಯೇ ಕೇಳಿಸುತ್ತದೆ, "ನಿಮಗೇ ಕಿವಿ ಮಂದ" ಅನ್ನುತ್ತಾರೆ. ದಿನಾ ಸ್ವಲ್ಪ ಹೊತ್ತು ಪೇಪರ್ ಜೋರಾಗಿ ಓದಿಸಿ, ದೇವರನಾಮವೋ ವಚನವೋ ಬಾಯಿ ಬಿಟ್ಟು ಹೇಳಿಸಿ. "ಕೂಗಿ ಹೇಳಿದ ಹಾಗೆ ಹೇಳಿ" ಅಂದರೆ ನಮಗೆ ಸರಿಯಾಗಿ ಕೇಳುವಷ್ಟು ದನಿ ಬರುತ್ತದೆ. ಸ್ಪೀಚ್ ಥೆರಪಿ ನಿಜಕ್ಕೂ ಕೆಲಸ ಮಾಡುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಕ್ಕಳು ಮಾತ್ರ ಹೋಗುವುದು ಅಂತ ಜನ ಅಂದುಕೊಂಡಿದ್ದಾರೆ, ದೊಡ್ಡವರ ಮಾತು ಮತ್ತು ನುಂಗುವ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ.

ಆದರೆ ನಿಜವಾದ ಖಿನ್ನತೆಯೂ ಈ ಕಾಯಿಲೆಯ ಭಾಗವೇ. ಯಾವುದರಲ್ಲೂ ಆಸಕ್ತಿ ಇಲ್ಲ, ಅಳು, ಊಟ ಬೇಡ ಅಂದರೆ ಮುಖದ ಬಿಗಿತ ಅಂತ ತಳ್ಳಿಹಾಕಬೇಡಿ. ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಊಟ ಮಾಡುವಾಗ ಕೆಮ್ಮು ಬರುತ್ತೆ. ಮುದ್ದೆ ಬಿಡಲ್ಲ ಅಂತಾರೆ. ಏನು ಮಾಡೋದು?

ಹಳೇ ಮೈಸೂರಿನ ಕಡೆಯವರಿಗೆ ಇದು ದೊಡ್ಡ ಸಂಕಟ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಗಂಟಲಿನ ಚಲನೆ ನಿಧಾನ ಆದವರಿಗೆ ಅದೇ ಅಪಾಯ. ತುತ್ತು ಚಿಕ್ಕದು ಮಾಡಿ, ಮುದ್ದೆ ಮೆತ್ತಗೆ ಮಾಡಿ, ಆಗಲೂ ಕೆಮ್ಮು ಬಂದರೆ ರಾಗಿಯನ್ನೇ ಗಟ್ಟಿ ಗಂಜಿ ಮಾಡಿ ಕೊಡಿ. ತೆಳ್ಳಗಿನ ಸಾರಿನಲ್ಲಿ ಅನ್ನ ತೇಲುವಂಥದ್ದು, ಅಂದರೆ ನೀರೂ ಅಗಳೂ ಒಟ್ಟಿಗೆ ಬಾಯಿಗೆ ಹೋಗುವಂಥದ್ದು, ಗಂಟಲಿಗೆ ಇನ್ನೂ ಕಷ್ಟ. ಅನ್ನವನ್ನು ಚೆನ್ನಾಗಿ ಕಲಸಿ. ಮಂಡಕ್ಕಿ, ಖಾರದ ಅವಲಕ್ಕಿ, ಕಡಲೆಪುರಿ ಥರದ ಉದುರು ತಿಂಡಿ ಬೇಡ.

ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಇರಲಿ, ಟಿ.ವಿ ಆಫ್ ಮಾಡಿ. ಊಟ ಆದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಮಾತ್ರೆ ಹತ್ತಿದ ಹೊತ್ತಿನಲ್ಲಿ ಊಟ ಇಟ್ಟುಕೊಂಡರೆ ನುಂಗುವುದೂ ಸಲೀಸು. ಜೊಲ್ಲು ಸುರಿಯುವುದು ಎಂಜಲು ಜಾಸ್ತಿ ಆಗಿ ಅಲ್ಲ, ನುಂಗುವುದು ಕಡಿಮೆ ಆಗಿ. ಪದೇ ಪದೇ ಎದೆಯಲ್ಲಿ ಕಫ, ಜ್ವರ ಬಂದರೆ ಊಟ ಶ್ವಾಸಕೋಶಕ್ಕೆ ಹೋಗುತ್ತಿದೆಯಾ ಅಂತ ಪರೀಕ್ಷೆ ಮಾಡಿಸಲೇಬೇಕು.

ಮಲಬದ್ಧತೆಯನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಹೊಟ್ಟೆ ಕಟ್ಟಿದ್ದರೆ ಮಾತ್ರೆಯೂ ಸರಿಯಾಗಿ ಹತ್ತುವುದಿಲ್ಲ. ನೀರು, ಸೊಪ್ಪು, ಪರಂಗಿ ಹಣ್ಣು, ಅದಕ್ಕೂ ಆಗದಿದ್ದರೆ ಡಾಕ್ಟರ್ ಕೊಟ್ಟ ಔಷಧಿ.

ರಾತ್ರಿ ನಿದ್ದೆಯಲ್ಲಿ ಕಿರುಚ್ತಾರೆ, ಒದೀತಾರೆ. ಗಾಳಿ ಸೋಕಿದೆ ಅಂತ ಅತ್ತೆ ಅಂತಾರೆ.

ಗಾಳಿ ಅಲ್ಲ. ಕನಸು ಕಾಣುವಾಗ ನಮ್ಮ ಕೈಕಾಲು ಅಲ್ಲಾಡದ ಹಾಗೆ ಮೆದುಳು ತಡೆದಿರುತ್ತದೆ. ಇವರಲ್ಲಿ ಆ ತಡೆ ಇಲ್ಲ, ಕನಸಿನಲ್ಲಿ ಹೊಡೆದಾಡಿದರೆ ನಿಜವಾಗಿ ಕೈ ಬೀಸುತ್ತಾರೆ. ಪಕ್ಕದಲ್ಲಿ ಮಲಗುವವರು ಸ್ವಲ್ಪ ದಿನ ಬೇರೆ ಮಂಚಕ್ಕೆ ಹೋಗುವುದೇ ಒಳ್ಳೆಯದು, ಸಂಕೋಚ ಬೇಡ. ಮಂಚದ ಹತ್ತಿರ ಗಾಜಿನ ಟೇಬಲ್ ಇರಬಾರದು. ಕಟ್ಟಿಹಾಕಬೇಡಿ. ಔಷಧಿ ಇದೆ, ಡಾಕ್ಟರಿಗೆ ಹೇಳಿ.

ಇಲ್ಲದೇ ಇರೋರು ಕಾಣಿಸ್ತಾರೆ ಅಂತಾರೆ. ಮೂಲೆಯಲ್ಲಿ ಮಗು ಕೂತಿದೆ ಅಂತಾರೆ.

ವಾದ ಮಾಡಬೇಡಿ, ಹೌದು ಹೌದು ಅಂತ ಕಥೆಯನ್ನೂ ಬೆಳೆಸಬೇಡಿ. "ನನಗೆ ಕಾಣಿಸ್ತಿಲ್ಲ, ನಾನಿಲ್ಲೇ ಇದೀನಿ" ಅಂದು ಲೈಟ್ ಹಾಕಿ. ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಮೂತ್ರದ ಸೋಂಕು, ಜ್ವರ, ನೀರು ಕಡಿಮೆ ಆಗಿರುವುದು, ಹೊಸ ಮಾತ್ರೆ, ಇವನ್ನು ಮೊದಲು ನೋಡಬೇಕು. ನಿಧಾನವಾಗಿ ಬಂದಿದ್ದರೆ ಪಾರ್ಕಿನ್ಸನ್ಸ್ ಮಾತ್ರೆಗಳನ್ನೇ ಡಾಕ್ಟರ್ ಹೊಂದಿಸಬೇಕಾಗಬಹುದು.

ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಮಾತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಪಾರ್ಕಿನ್ಸನ್ಸ್‌ಗೇ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಅನ್ನುವ ಮಾತ್ರೆಗಳಿಂದ ಕೆಲವರಿಗೆ ತಡೆಯಲಾಗದ ಚಪಲ ಶುರುವಾಗುತ್ತದೆ. ಇಸ್ಪೀಟು, ಮಿತಿಮೀರಿದ ಶಾಪಿಂಗ್, ತಿನ್ನುವುದು, ಕಾಮದ ಆಸೆ. ಜೀವನಪೂರ್ತಿ ಲೆಕ್ಕ ಹಿಡಿದು ಬದುಕಿದವರು ಮನೆಗೆ ದಿನಾ ಪಾರ್ಸೆಲ್ ತರಿಸತೊಡಗಿದರೆ "ಮುದುಕನಿಗೆ ಹುಚ್ಚು" ಅಂತ ಬೈಯುವ ಮುಂಚೆ ಮಾತ್ರೆ ಚೀಟಿ ನೋಡಿ. ಡಾಕ್ಟರ್ ಇದನ್ನು ನಿಧಾನವಾಗಿ ಇಳಿಸುತ್ತಾರೆ, ನೀವಾಗಿ ನಿಲ್ಲಿಸಬೇಡಿ.

ಬೇರೆ ಕಾಯಿಲೆಗೆ ಬೇರೆ ಡಾಕ್ಟರ್ ಹತ್ರ ಹೋದಾಗ ಏನು ಹೇಳಬೇಕು?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವವರು ಇದನ್ನು ಓದಿ. ಡೋಪಮೈನ್ ತಡೆಯುವ ಕೆಲವು ಮಾಮೂಲಿ ಮಾತ್ರೆಗಳು ಪಾರ್ಕಿನ್ಸನ್ಸ್ ಅನ್ನು ಕೆಡಿಸುತ್ತವೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೋಕ್ಲೋರ್‌ಪೆರಜೀನ್, ಸಿನ್ನರಿಜೀನ್, ಫ್ಲುನರಿಜೀನ್, ಗಲಾಟೆ ಮಾಡುತ್ತಾರೆ ಅಂತ ಕೊಡುವ ಹ್ಯಾಲೋಪೆರಿಡಾಲ್. ನಮ್ಮ ದೇಶದಲ್ಲಿ ಇನ್ನೂ ಒಂದಿದೆ, ಗ್ಯಾಸ್ ಮಾತ್ರೆ ಅಂತ ಕೊಡುವ ಕ್ಯಾಪ್ಸೂಲುಗಳಲ್ಲಿ ಸೇರಿರುವ ಲೆವೋಸಲ್ಪಿರೈಡ್. ಪಾರ್ಕಿನ್ಸನ್ಸ್ ಇಲ್ಲದವರಿಗೂ ಇದನ್ನು ತಿಂಗಳುಗಟ್ಟಲೆ ತಿಂದು ನಡುಕ, ಬಿಗಿತ ಬರುವುದುಂಟು, ನಿಲ್ಲಿಸಿದರೆ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ಹಾಗಾಗಿ ಗ್ಯಾಸ್ ಮಾತ್ರೆಯ ಹಿಂಭಾಗದ ಸಣ್ಣ ಅಕ್ಷರ ಓದಿ.

ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು, ಈಗಿನ ಮಾತ್ರೆ ಮತ್ತು ಸಮಯದ ಪಟ್ಟಿಯ ಜೊತೆ ಪರ್ಸಿನಲ್ಲಿಡಿ. ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ವಾರ್ಡಿನಲ್ಲಿ ಎಲ್ಲರಿಗೂ ಮಾತ್ರೆ ಕೊಡುವ ಸಮಯ ಒಂದು, ನಿಮ್ಮವರ ಸಮಯ ಇನ್ನೊಂದು. "ಸಿಸ್ಟರ್, ಇದು ಹತ್ತು ಗಂಟೆಗೇ ಬೇಕು, ಹನ್ನೆರಡಕ್ಕಲ್ಲ" ಅಂತ ಮೊದಲ ದಿನವೇ ಹೇಳಿ, ಕೇಸ್ ಶೀಟಿನಲ್ಲಿ ಬರೆಸಿ. ಆಪರೇಷನ್ನಿಗೆ ಏನೂ ತಿನ್ನಬೇಡಿ ಅಂದಾಗ ಈ ಮಾತ್ರೆಯೂ ಬೇಡವಾ ಅಂತ ಅರಿವಳಿಕೆ ಡಾಕ್ಟರನ್ನು ಕೇಳಿ.

ನಸುಗುನ್ನಿ ಬೀಜದ ಪುಡಿ ತಗೊಂಡರೆ ಸಾಕು ಅಂತಾರಲ್ಲ?

ಆಯುರ್ವೇದದಲ್ಲಿ ಕಂಪವಾತಕ್ಕೆ (ಈ ಥರದ ನಡುಕದ ಕಾಯಿಲೆಗೆ ಅಲ್ಲಿನ ಹೆಸರು) ನಸುಗುನ್ನಿ ಬಳಸುವುದು ಸುಳ್ಳಲ್ಲ, ಅದರಲ್ಲಿ ನಿಜವಾಗಿ ಲೆವೋಡೋಪಾ ಇದೆ. ತೊಂದರೆ ಇರುವುದೂ ಅಲ್ಲೇ. ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಅಂತ ಲೆಕ್ಕ ಸಿಗುವುದಿಲ್ಲ, ಮಾತ್ರೆಯ ಜೊತೆ ಗುಟ್ಟಾಗಿ ತೆಗೆದುಕೊಂಡರೆ ಡೋಸ್ ಜಾಸ್ತಿ ಆಗುತ್ತದೆ. ತೆಗೆದುಕೊಳ್ಳುತ್ತಿದ್ದರೆ ನ್ಯೂರಾಲಜಿಸ್ಟಿಗೆ ಹೇಳಿ, ಬೈದರೆ ಬೈಸಿಕೊಳ್ಳಿ. ಬುಡದಿಂದ ವಾಸಿ ಮಾಡುತ್ತೇವೆ ಅನ್ನುವವರ ಹತ್ತಿರ ದುಡ್ಡು ಕಳೆಯಬೇಡಿ. ಬುಡದಿಂದ ವಾಸಿ ಮಾಡುವ ಔಷಧಿ ಇವತ್ತಿಗೆ ಯಾವ ಪದ್ಧತಿಯಲ್ಲೂ ಇಲ್ಲ.

ವ್ಯಾಯಾಮದಿಂದ ಏನಾದ್ರೂ ಉಪಯೋಗ ಇದೆಯಾ?

ಮಾತ್ರೆಯಷ್ಟೇ ಮುಖ್ಯ. ಚುರುಕಾದ ನಡಿಗೆ, ನಿಂತಲ್ಲೇ ತುಳಿಯುವ ಸೈಕಲ್, ಯೋಗ, ಹಾಡು ಹಾಕಿಕೊಂಡು ಕುಣಿಯುವುದು, ಏನು ಬೇಕಾದರೂ ಆಗುತ್ತದೆ, ಆನ್ ಇರುವಾಗ ಮತ್ತು ಸ್ವಲ್ಪ ಉಸಿರು ಹತ್ತುವಷ್ಟು. ಶೀರ್ಷಾಸನ, ಒಂಟಿ ಕಾಲಿನ ಆಸನಗಳನ್ನು ಬಿಟ್ಟುಬಿಡಿ.

ತಲೆಗೆ ಆಪರೇಷನ್ ಮಾಡಿದರೆ ಸರಿಹೋಗುತ್ತಾ?

ಡಿ.ಬಿ.ಎಸ್ ಅಂದರೆ ಮೆದುಳಿಗೆ ತೆಳುವಾದ ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಡುವುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೆಲವು ಖಾಸಗಿ ಆಸ್ಪತ್ರೆಗಳಲ್ಲೂ ಮಾಡುತ್ತಾರೆ. ಖರ್ಚು ಹಲವು ಲಕ್ಷ, ಬ್ಯಾಟರಿ ತೀರಿದಾಗ ಮತ್ತೆ ಖರ್ಚು. ಲೆವೋಡೋಪಾಗೆ ಚೆನ್ನಾಗಿ ಸ್ಪಂದಿಸಿ, ಆನ್ ಆಫ್ ಏರುಪೇರು ಜಾಸ್ತಿ ಇರುವವರಿಗೆ, ನೆನಪು ಬುದ್ಧಿ ಚೆನ್ನಾಗಿರುವವರಿಗೆ ಒಳ್ಳೆಯ ಫಲ. ಮಾತ್ರೆಗೆ ಬಗ್ಗದ ನಡುಕಕ್ಕೂ ಆಗುತ್ತದೆ. ಮಾತ್ರೆ ಹತ್ತಿದಾಗಲೂ ಬೀಳುತ್ತಾರೆ, ಮಾತು ತೊದಲುತ್ತದೆ ಅನ್ನುವವರಿಗೆ ಆ ಎರಡಕ್ಕೆ ಇದರಿಂದ ಹೆಚ್ಚು ಪ್ರಯೋಜನ ಇಲ್ಲ. ಕಾಯಿಲೆಯನ್ನು ನಿಲ್ಲಿಸುವುದೂ ಇಲ್ಲ.

ಸರ್ಕಾರದಿಂದ ಏನಾದ್ರೂ ಸಿಗುತ್ತಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್ಸ್ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಯು.ಡಿ.ಐ.ಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಹಾಕಿಕೊಡುತ್ತಾರೆ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಶೇಕಡಾವಾರು ಕೊಡುತ್ತಾರೆ, ಹೆಚ್ಚಿನ ಸೌಲಭ್ಯಕ್ಕೆ 40% ಇರಬೇಕು. ಪರೀಕ್ಷೆಗೆ ಹೋಗುವಾಗ ಆಫ್ ಹೊತ್ತಿನ ವಿಡಿಯೋ ತೆಗೆದುಕೊಂಡು ಹೋಗಿ. ಆನ್ ಇದ್ದಾಗ ನೋಡಿದವರಿಗೆ "ಚೆನ್ನಾಗೇ ಇದ್ದಾರಲ್ಲ" ಅನ್ನಿಸುತ್ತದೆ.

ಲೆವೋಡೋಪಾ ಮತ್ತು ಕಾರ್ಬಿಡೋಪಾ ಎರಡೂ ಸೇರಿದ ಮಾತ್ರೆ (ಸಿಂಡೋಪಾ ಇದೇ) ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಜನೌಷಧಿ ಅಂಗಡಿಯಲ್ಲೂ ವಿಚಾರಿಸಿ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಮಿದುಳು ಆರೋಗ್ಯದ ಯೋಜನೆ ಶುರು ಮಾಡಿದೆ, ಜಿಲ್ಲಾ ಆಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಇದೆಯಾ ಅಂತ ಕೇಳಿ. ಪ್ರತಿ ಸಲ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವುದು ತಪ್ಪಬಹುದು.

ನೋಡಿಕೊಳ್ಳೋದು ನಾನೊಬ್ಬಳೇ. ಸಾಕಾಗಿದೆ. ಹೀಗೆ ಹೇಳೋದು ತಪ್ಪಾ?

ತಪ್ಪಲ್ಲ. ಸಾಮಾನ್ಯವಾಗಿ ಈ ಕೆಲಸ ಹೆಂಡತಿ, ಮಗಳು ಅಥವಾ ಸೊಸೆಯ ತಲೆಗೇ ಬರುತ್ತದೆ, ಉಳಿದವರು ಫೋನಿನಲ್ಲಿ ಸಲಹೆ ಕೊಡುತ್ತಾರೆ. ಸಲಹೆ ಕೊಡುವವರಿಗೆ ಒಂದು ನಿರ್ದಿಷ್ಟ ಕೆಲಸ ಹಂಚಿ. "ಶನಿವಾರ ಮಧ್ಯಾಹ್ನ ನೀನು ಬಂದು ಕೂರು" ಅಂತ ಹೇಳಿ, "ಸ್ವಲ್ಪ ಸಹಾಯ ಮಾಡು" ಅಂತಲ್ಲ. ದುಡ್ಡಿದ್ದರೆ ರಾತ್ರಿಗೆ ಒಬ್ಬ ಹೋಂ ನರ್ಸ್ ಇಟ್ಟುಕೊಳ್ಳಿ, ನಿದ್ದೆ ಕೆಟ್ಟರೆ ಉಳಿದದ್ದೆಲ್ಲ ಕೆಡುತ್ತದೆ. ಮಾತಾಡೋಕೆ ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹಿರಿಯ ನಾಗರಿಕರ ವಿಚಾರಕ್ಕೆ ಎಲ್ಡರ್‌ಲೈನ್ 14567 ಇದೆ.

ನಾನು ಹೊರದೇಶದಲ್ಲಿದ್ದೀನಿ. ದೂರದಿಂದ ಏನು ಮಾಡಬಹುದು?

ದುಡ್ಡು ಕಳಿಸುವುದನ್ನು ಬಿಟ್ಟೂ ಕೆಲಸ ಇದೆ. ಮಾತ್ರೆ ಸ್ಟಾಕ್ ಲೆಕ್ಕ ಇಟ್ಟು ಆರ್ಡರ್ ಮಾಡುವುದು ನಿಮ್ಮದು. ಡಾಕ್ಟರ್ ಅಪಾಯಿಂಟ್‌ಮೆಂಟ್, ಇನ್ಶೂರೆನ್ಸ್ ಕಾಗದ, ಯು.ಡಿ.ಐ.ಡಿ ಅರ್ಜಿ ನಿಮ್ಮದು. ಮನೆಯಲ್ಲಿರುವವರಿಗೆ "ಅಮ್ಮನ್ನ ಯಾಕೆ ನಡೆಸ್ತಿಲ್ಲ" ಅಂತ ವಿಡಿಯೋ ಕಾಲಿನಲ್ಲಿ ವಿಚಾರಣೆ ಮಾಡಬೇಡಿ. ಕರೆ ಮಾಡುವ ಸಮಯವನ್ನು ಅವರ ನೋಟ್‌ಬುಕ್ ನೋಡಿ ಇಟ್ಟುಕೊಳ್ಳಿ. ನಿಮ್ಮ ಆಫೀಸ್ ಮುಗಿದ ಮೇಲಿನ ಹೊತ್ತು ಇಲ್ಲಿ ಅವರ ಮೊದಲ ಮಾತ್ರೆ ಇನ್ನೂ ಹತ್ತದ ಹೊತ್ತಾಗಿದ್ದರೆ, ಅಮ್ಮ ಹೂಂ ಉಹೂಂ ಅಂತ ಬಿಟ್ಟು ಬೇರೆ ಮಾತಾಡುವುದಿಲ್ಲ. ಒಂದು ಗಂಟೆ ತಡವಾಗಿ ಕರೆ ಮಾಡಿ ನೋಡಿ.